ಹಣ ಕೊಟ್ಟ ಮೇಲೂ ಒರಟು ಮಾತೇ? ಮಂಗಳೂರು, ಉಡುಪಿಯ ಗ್ರಾಹಕರು ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಡಿ, ಬ್ಯಾಂಕು, ಬಸ್ಸು, ಆಸ್ಪತ್ರೆ, ಸರ್ವೀಸ್ ಸೆಂಟರ್ ಮೊದಲಾದ ಕಡೆಗಳಲ್ಲಿ ಹಣ ತೆತ್ತು ಸೇವೆ ಪಡೆಯುವಾಗ ಅವಮಾನದ ಮಾತು ಕೇಳಿಸಿಕೊಂಡವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಗ್ರಾಹಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಾದರೂ ಇಲ್ಲಿ ಹೇಳಿರುವ ಕೇಂದ್ರ ಕಾನೂನುಗಳು ಎಲ್ಲ ಕಡೆಗೂ ಅನ್ವಯಿಸುತ್ತವೆ.

ಸಿಬ್ಬಂದಿ ಒರಟಾಗಿ ಮಾತನಾಡಿದರು ಎಂಬ ಒಂದೇ ಕಾರಣಕ್ಕೆ ಗ್ರಾಹಕ ಆಯೋಗಕ್ಕೆ ಹೋಗಬಹುದೇ?

ಕಾನೂನಿನಲ್ಲಿ ದಾರಿ ಇದೆ, ಆದರೆ ಆ ದಾರಿ ಕಿರಿದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(11)ನೇ ಕಲಮು ಸೇವಾ ನ್ಯೂನತೆ ಎಂದರೇನು ಎಂದು ವಿವರಿಸುವಾಗ ಸೇವೆಯ ಗುಣಮಟ್ಟ ಮತ್ತು ಸ್ವರೂಪದ ಜೊತೆಗೆ ಅದನ್ನು ನೆರವೇರಿಸುವ ರೀತಿಯನ್ನೂ ಹೆಸರಿಸುತ್ತದೆ. ಕಾನೂನಿನ ಪ್ರಕಾರ ಅಥವಾ ಒಪ್ಪಂದದ ಪ್ರಕಾರ ಕಾಯ್ದುಕೊಳ್ಳಬೇಕಾದ ರೀತಿಯಲ್ಲಿ ಕೊರತೆ ಉಂಟಾದರೆ ಅದೂ ನ್ಯೂನತೆಯೇ ಆಗುತ್ತದೆ. ಹಾಗಿದ್ದರೂ ಬರೀ ಗಡಸು ಮಾತಿನ ಮೇಲೆ ನಿಂತ ದೂರಿಗೆ ಸಾಕ್ಷ್ಯ ಒದಗಿಸುವುದು ಕಷ್ಟ, ಅದರಿಂದಾದ ನಷ್ಟವನ್ನು ತೋರಿಸುವುದು ಇನ್ನೂ ಕಷ್ಟ.

ಇಂಥ ದೂರುಗಳನ್ನು ಹಲವು ವರ್ಷಗಳಿಂದ ಗಮನಿಸುತ್ತ ಬಂದ ನನ್ನ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಒರಟು ಮಾತಿನ ಹಿಂದೆ ಹೆಚ್ಚಿನ ಸಲ ಯಾವುದೋ ಒಂದು ನಿರಾಕರಣೆ ಅಡಗಿರುತ್ತದೆ. ಬಿಲ್ ಕೊಡಲು ಮನಸ್ಸಿಲ್ಲದವರು, ವಾರಂಟಿಯ ಕೆಲಸವನ್ನು ತಪ್ಪಿಸಿಕೊಳ್ಳಲು ನೋಡುವವರು, ಹಣ ಹಿಂದಿರುಗಿಸಬೇಕಾದವರು, ಮಾಹಿತಿ ಮುಚ್ಚಿಡುವವರು ಧ್ವನಿ ಏರಿಸುತ್ತಾರೆ. ಅವಮಾನಗೊಂಡ ಗ್ರಾಹಕರು ಆ ಮಾತಿಗೆ ಉತ್ತರ ಕೊಡುವ ಭರದಲ್ಲಿ ತಾವು ಬಂದ ಕೆಲಸವನ್ನೇ ಮರೆತು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಆದುದರಿಂದ ದೂರಿನಲ್ಲಿ ನಿರಾಕರಣೆ ಮೊದಲು ಬರಬೇಕು, ಮಾತು ಅದರ ನಂತರ ಬರಬೇಕು. ಈ ಕ್ರಮ ತಪ್ಪಿದ ದೂರುಗಳು ಬಹುಪಾಲು ಬಿದ್ದುಹೋಗುತ್ತವೆ.

ಮಾತು ಬಿರುಸಾದ ಆ ಕ್ಷಣದಲ್ಲಿ ನಾನು ಏನು ಮಾಡಬೇಕು?

ಹಂಪನಕಟ್ಟೆಯ ಬಳಿಯ ಒಂದು ಸರ್ವೀಸ್ ಸೆಂಟರಿನಲ್ಲಿ ನಾನು ಕಣ್ಣಾರೆ ಕಂಡ ಒಂದು ಪ್ರಸಂಗ ಈ ಪ್ರಶ್ನೆಗೆ ಒಳ್ಳೆಯ ಉತ್ತರ. ಬಂಟ್ವಾಳದ ಕಡೆಯಿಂದ ಬಂದಿದ್ದ ವಯಸ್ಸಾದ ಹೆಂಗಸೊಬ್ಬರು ಬಟ್ಟೆಯ ಚೀಲದಿಂದ ಮಿಕ್ಸಿಯನ್ನು ತೆಗೆದು ಕೌಂಟರಿನ ಮೇಲಿಟ್ಟರು. ಅಲ್ಲಿದ್ದ ಯುವಕ ಮೊಬೈಲಿನಿಂದ ಕಣ್ಣೆತ್ತದೆ, "ಇದಕ್ಕೆ ವಾರಂಟಿ ಇಲ್ಲ, ನಿಮಗೆ ಎಷ್ಟು ಸಲ ಹೇಳುವುದು?" ಎಂದು ಮಿಕ್ಸಿಯನ್ನು ಅವರ ಕಡೆಗೆ ದೂಡಿದ. ಅವರು ಕನ್ನಡಕ ಹಾಕಿಕೊಂಡು ಬಿಲ್ಲನ್ನು ಬಿಡಿಸಿ ಅವನ ಮುಂದಿಟ್ಟರು. "ಮಗಾ, ನಿನ್ನ ಹೆಸರೇನು? ವಾರಂಟಿ ಇಲ್ಲ ಅಂತ ಇದರ ಹಿಂದೆ ಬರೆದು ಸೀಲು ಹಾಕಿ ಕೊಡು, ನಾನು ಹೋಗುತ್ತೇನೆ" ಎಂದರು. ಧ್ವನಿ ಒಂದಿಷ್ಟೂ ಏರಲಿಲ್ಲ. ಯುವಕ ಬಿಲ್ಲಿನ ದಿನಾಂಕ ನೋಡಿದ, ಪೆನ್ನು ಹಿಡಿದ, ಬರೆಯಲಾಗದೆ ಒಳಗೆ ಹೋಗಿ ಮೇಲ್ವಿಚಾರಕರನ್ನು ಕರೆತಂದ. ಸ್ವಲ್ಪ ಹೊತ್ತಿನಲ್ಲಿ ಜಾಬ್ ಶೀಟ್, ಅಂದರೆ ರಿಪೇರಿಗೆ ಸ್ವೀಕರಿಸಿದ ಚೀಟಿ, ತಯಾರಾಗಿ ಅವರ ಕೈಗೆ ಬಂತು.

ಬಾಯಿಯಲ್ಲಿ ಹೇಳಿದ್ದನ್ನು ಬರೆದು ಕೊಡಿ ಎಂದು ಕೇಳುವುದರಷ್ಟು ಪರಿಣಾಮಕಾರಿಯಾದ ಮಾತು ಗ್ರಾಹಕರ ಬಳಿ ಇನ್ನೊಂದಿಲ್ಲ. ಬರೆಯಲು ಒಪ್ಪದಿದ್ದರೆ, ಹೆಸರು, ಸಮಯ ಮತ್ತು ಅವರು ಆಡಿದ ಮಾತನ್ನು ಅವರ ಎದುರಿನಲ್ಲಿಯೇ ನಿಮ್ಮ ಮೊಬೈಲಿನಲ್ಲೋ ಬಿಲ್ಲಿನ ಹಿಂಬದಿಯಲ್ಲೋ ಬರೆದುಕೊಳ್ಳಿ. ಅವರದೇ ಧಾಟಿಯಲ್ಲಿ ನೀವೂ ಮಾತನಾಡಿದರೆ ಮುಂದೆ ಸಿಸಿಟಿವಿ ದೃಶ್ಯ ಹೊರಬಂದಾಗ ಇಬ್ಬರೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತೀರಿ.

ಕೌಂಟರಿನಲ್ಲಿ ಇರುವವರು ಸಣ್ಣ ಸಂಬಳಕ್ಕೆ ದಿನವಿಡೀ ನಿಂತು ದುಡಿಯುವವರು. ಅವರ ಮೇಲೆ ದೂರು ಕೊಟ್ಟು ಹೊಟ್ಟೆಗೆ ಹೊಡೆಯುವುದು ಸರಿಯೇ?

ಈ ಸಂಕೋಚ ಗೌರವಕ್ಕೆ ಅರ್ಹವಾದದ್ದು. ಬಟ್ಟೆ ಅಂಗಡಿಗಳ ಹುಡುಗಿಯರು, ಮಾಲ್‌ಗಳ ಭದ್ರತಾ ಸಿಬ್ಬಂದಿ, ಕಾಲ್ ಸೆಂಟರಿನ ಯುವಕರು ಎಷ್ಟೋ ಸಲ ಮಾಲಕರ ನಿಯಮವನ್ನು ಗ್ರಾಹಕರಿಗೆ ತಲುಪಿಸುವ ಕೆಲಸವನ್ನಷ್ಟೇ ಮಾಡುತ್ತಿರುತ್ತಾರೆ. ಆ ನಿಯಮ ಅನ್ಯಾಯದ್ದಾಗಿದ್ದರೆ ಅದರ ಬೈಗುಳವೂ ಅವರಿಗೇ ಸಿಗುತ್ತದೆ.

ಹಾಗಾಗಿ ದೂರನ್ನು ಸಂಸ್ಥೆಯ ಮೇಲೆ ಕೊಡಿ. ಸಿಬ್ಬಂದಿ ತನ್ನ ಕೆಲಸದ ನಡುವೆ ಮಾಡಿದ್ದಕ್ಕೆ ಮಾಲಕರೇ ಉತ್ತರದಾಯಿಗಳಾಗುವುದರಿಂದ ಎದುರುದಾರರಾಗಿ ಸಂಸ್ಥೆಯನ್ನು ಹೆಸರಿಸಿದರೆ ಸಾಕಾಗುತ್ತದೆ. ಸಿಬ್ಬಂದಿಯ ಹೆಸರನ್ನು ಘಟನೆಯ ವಿವರದಲ್ಲಿ ಒಮ್ಮೆ ಹೇಳಿ. ಅವರನ್ನು ಕೆಲಸದಿಂದ ತೆಗೆಯಬೇಕು ಎಂದು ಬರೆಯಬೇಡಿ, ಅದು ನೀವು ಕೇಳಬೇಕಾದ ಪರಿಹಾರವೇ ಅಲ್ಲ. ಜಾತಿ, ಧರ್ಮ, ಲಿಂಗ ಅಥವಾ ಅಂಗವೈಕಲ್ಯವನ್ನು ಹಿಡಿದು ಹೀಯಾಳಿಸಿದ್ದರೆ, ಮೈಮೇಲೆ ಕೈ ಹಾಕಿದ್ದರೆ, ಆಗ ಮಾತ್ರ ವ್ಯಕ್ತಿಯ ಹೊಣೆಯನ್ನೂ ಎತ್ತಲೇಬೇಕು. ಅದು ಗ್ರಾಹಕ ದೂರಿನ ಮಿತಿ ದಾಟಿ ಪೊಲೀಸ್ ಠಾಣೆಗೆ ಹೋಗುವ ವಿಷಯ.

ಬಿಲ್ ಕೇಳಿದರೆ ಮುಖ ಸಿಂಡರಿಸುತ್ತಾರೆ, ಇಲ್ಲವೇ ಮೊಬೈಲ್ ನಂಬರ್ ಕೊಡದೆ ಬಿಲ್ ಆಗುವುದಿಲ್ಲ ಎನ್ನುತ್ತಾರೆ. ಏನು ಮಾಡಬೇಕು?

ಬಿಲ್ ಕೊಡದಿರುವುದನ್ನು ಕಾಯ್ದೆಯ 2(47)ನೇ ಕಲಮು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿದೆ. ಬಿಲ್ ಬೇಕೆಂದು ಕೇಳುವುದು ಅಪನಂಬಿಕೆಯ ಸೂಚನೆ ಎಂದು ಭಾವಿಸುವ ಹಳೆಯ ಅಂಗಡಿಗಳು ನಮ್ಮ ಪೇಟೆಗಳಲ್ಲಿ ಇನ್ನೂ ಇವೆ. ಅಲ್ಲಿ "ಮನೆಯಲ್ಲಿ ಲೆಕ್ಕ ಬರೆಯಲಿಕ್ಕಿದೆ" ಎಂದು ಸೌಮ್ಯವಾಗಿ ಹೇಳಿ ಪಡೆದುಕೊಳ್ಳಬಹುದು. ಮೊಬೈಲ್ ಸಂಖ್ಯೆಗಾಗಿ ಗ್ರಾಹಕರನ್ನು ಒತ್ತಾಯಿಸಬಾರದು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಚಿಲ್ಲರೆ ವ್ಯಾಪಾರಿಗಳಿಗೆ ಸೂಚನೆ ನೀಡಿದೆ. ಸಂಖ್ಯೆ ಕೊಡಲು ಇಷ್ಟವಿಲ್ಲದಿದ್ದರೆ ಕೊಡಬೇಕಾಗಿಲ್ಲ.

ಯುಪಿಐ ಮೂಲಕ ಹಣ ಕೊಟ್ಟಿದ್ದರೆ ಆ ಸಂದೇಶವನ್ನು ಅಳಿಸಬೇಡಿ. ಬಿಲ್ ಸಿಗದೇ ಹೋದಾಗ ವ್ಯವಹಾರ ನಡೆದದ್ದಕ್ಕೆ ಅದೇ ಮೊದಲ ಆಧಾರ.

"ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ" ಎಂಬ ಬೋರ್ಡನ್ನು ತೋರಿಸಿ ಗದರಿದರೆ?

ಸರಕಿನಲ್ಲಿ ದೋಷವಿದ್ದರೆ ಆ ಬೋರ್ಡಿಗೆ ಬೆಲೆ ಇಲ್ಲ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಸೂಚಿಸಿದ ಅವಧಿಯೊಳಗೆ, ಅವಧಿ ಸೂಚಿಸದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದೂ ಅದೇ 2(47)ನೇ ಕಲಮಿನ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯೇ. ಆದರೆ ಮನೆಗೆ ಹೋದ ಮೇಲೆ ಸೀರೆಯ ಬಣ್ಣ ಹಿಡಿಸಲಿಲ್ಲ ಎಂಬ ಕಾರಣಕ್ಕೆ ಹಣ ಕೇಳುವ ಹಕ್ಕನ್ನು ಈ ಕಲಮು ಕೊಡುವುದಿಲ್ಲ. ಅಂಥ ಸಂದರ್ಭದಲ್ಲಿ ಅಂಗಡಿಯವರು ಬದಲಾಯಿಸಿ ಕೊಟ್ಟರೆ ಅದು ಅವರ ಸೌಜನ್ಯ.

ಬ್ಯಾಂಕಿನಲ್ಲಿ ಸರಿಯಾಗಿ ಮಾತನಾಡಿಸುವುದಿಲ್ಲ, ಕನ್ನಡದಲ್ಲಿ ಕೇಳಿದರೆ ಅಸಡ್ಡೆ ಮಾಡುತ್ತಾರೆ. ಇದಕ್ಕೆ ಪರಿಹಾರವಿದೆಯೇ?

ಈ ಪ್ರಶ್ನೆಯನ್ನು ಅತ್ಯಂತ ನೋವಿನಿಂದ ಕೇಳುವವರು ನಮ್ಮ ಜಿಲ್ಲೆಗಳ ಹಿರಿಯರು. ಅದಕ್ಕೆ ಕಾರಣವೂ ಇದೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ ಮತ್ತು ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ್ದು ಈ ಮಣ್ಣಿನಲ್ಲಿ. ಪಿಗ್ಮಿ, ಅಂದರೆ ದಿನದಿನದ ಸಣ್ಣ ಉಳಿತಾಯ, ಸಂಗ್ರಹಿಸುವವರು ಮನೆಯ ಜಗಲಿಗೆ ಬಂದು ಚಿಲ್ಲರೆ ಕಾಸನ್ನು ಲೆಕ್ಕ ಮಾಡಿ ಪುಸ್ತಕಕ್ಕೆ ಬರೆದುಕೊಂಡು ಹೋಗುತ್ತಿದ್ದುದನ್ನು ಕಂಡು ಬೆಳೆದವರಿಗೆ ಬ್ಯಾಂಕೆಂದರೆ ತುಳು, ಕೊಂಕಣಿ, ಕನ್ನಡದಲ್ಲಿ ಮಾತನಾಡುವ ಪರಿಚಿತ ಮುಖವಾಗಿತ್ತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು. ಭಾಷೆ ತಿಳಿಯದ ಊರಿಗೆ ವರ್ಗವಾಗಿ ಬಂದ ಸಿಬ್ಬಂದಿಗೂ ಕಷ್ಟವಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಭಾಷೆ ಬಾರದಿರುವುದು ಬೇರೆ, ತಾತ್ಸಾರ ಮಾಡುವುದು ಬೇರೆ.

ರಿಸರ್ವ್ ಬ್ಯಾಂಕ್ 2014ರಲ್ಲಿ ಹೊರಡಿಸಿದ ಗ್ರಾಹಕ ಹಕ್ಕುಗಳ ಸನ್ನದಿನಲ್ಲಿ ನ್ಯಾಯಯುತ ನಡವಳಿಕೆಯ ಹಕ್ಕು ಮೊದಲನೆಯದು. ಗ್ರಾಹಕರು ಮತ್ತು ಸೇವೆ ನೀಡುವವರು ಇಬ್ಬರಿಗೂ ಸೌಜನ್ಯದಿಂದ ನಡೆಸಿಕೊಳ್ಳಲ್ಪಡುವ ಹಕ್ಕಿದೆ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಖಾತೆ ತೆರೆಯುವ ಅರ್ಜಿ, ಹಣ ಕಟ್ಟುವ ಚೀಟಿ, ಪಾಸ್‌ಬುಕ್ ಮುಂತಾದ ಮುದ್ರಿತ ಸಾಮಗ್ರಿ ಇಂಗ್ಲಿಷ್, ಹಿಂದಿ ಮತ್ತು ಆಯಾ ಪ್ರದೇಶದ ಭಾಷೆಯಲ್ಲಿ ಇರಬೇಕು ಎಂಬ ಸೂಚನೆಯೂ ಇದೆ. ಕನ್ನಡದ ಚೀಟಿ ಇಲ್ಲ ಎಂದು ಗದರಿದರೆ ಈ ಸೂಚನೆಯನ್ನು ಉಲ್ಲೇಖಿಸಿ ಶಾಖಾ ವ್ಯವಸ್ಥಾಪಕರಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. 14448 ಸಂಖ್ಯೆಗೆ ಕರೆ ಮಾಡಿದರೆ ದೂರು ಸಲ್ಲಿಸುವ ಕ್ರಮ ತಿಳಿಯುತ್ತದೆ. ಬ್ಯಾಂಕಿಗೆ ಮೊದಲು ಲಿಖಿತವಾಗಿ ದೂರದೆ ನೇರವಾಗಿ ಅಲ್ಲಿಗೆ ಹೋದರೆ ದೂರು ತಿರಸ್ಕೃತವಾಗುತ್ತದೆ.

ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆಗಾಗಿ ಬೈದರೆ, ವಯಸ್ಸಾದವರು ಇಳಿಯುವ ಮೊದಲೇ ವಿಸಿಲ್ ಊದಿದರೆ ಯಾರಿಗೆ ಹೇಳಬೇಕು?

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಸುರತ್ಕಲ್‌ಗೋ ಉಡುಪಿಯಿಂದ ಮಣಿಪಾಲಕ್ಕೋ ದಿನವೂ ಓಡಾಡುವವರಿಗೆ ಖಾಸಗಿ ಬಸ್ಸುಗಳ ಅವಸರದ ಅನುಭವವಿದೆ. ಟೈಮ್ ಕೀಪಿಂಗಿನ ಒತ್ತಡದಲ್ಲಿ ದಿನಕ್ಕೆ ಹಲವು ಟ್ರಿಪ್ ಮಾಡುವ ಕಂಡಕ್ಟರರ ಮಾತು ಬಿರುಸಾಗುವುದು ಅರ್ಥವಾಗುವಂಥದ್ದೇ ಆದರೂ ಇಳಿಯುತ್ತಿರುವ ಅಜ್ಜಿಯ ಒಂದು ಕಾಲು ಮೆಟ್ಟಿಲಿನಲ್ಲಿರುವಾಗ ಬಸ್ಸು ಬಿಡುವುದನ್ನು ಅವಸರ ಎಂದು ಕ್ಷಮಿಸಲಾಗದು.

ಬಸ್ಸಿನ ಹೆಸರಿಗಿಂತ ನೋಂದಣಿ ಸಂಖ್ಯೆ ಮುಖ್ಯ, ಏಕೆಂದರೆ ಒಬ್ಬರೇ ಮಾಲಕರ ಹಲವು ಬಸ್ಸುಗಳಿಗೆ ಒಂದೇ ಹೆಸರು ಇರುತ್ತದೆ. ಟಿಕೆಟ್ಟಿನ ಫೋಟೊ ತೆಗೆದಿಟ್ಟುಕೊಂಡು, ಸಮಯ ಮತ್ತು ನಿಲ್ದಾಣವನ್ನು ಬರೆದು ಪ್ರಾದೇಶಿಕ ಸಾರಿಗೆ ಅಧಿಕಾರಿಗಳಿಗೆ ದೂರು ಕೊಡಿ. ಕಂಡಕ್ಟರರ ಲೈಸೆನ್ಸ್ ಕೊಡುವುದು ಸಾರಿಗೆ ಇಲಾಖೆ. 1988ರ ಮೋಟಾರು ವಾಹನ ಕಾಯ್ದೆಯ 34ನೇ ಕಲಮಿನ ಪ್ರಕಾರ ಕಂಡಕ್ಟರರ ಹಿಂದಿನ ನಡತೆಯನ್ನು ಪರಿಗಣಿಸಿ ಒಂದು ವರ್ಷದವರೆಗೆ ಅವರನ್ನು ಅನರ್ಹಗೊಳಿಸುವ ಅಧಿಕಾರ ಲೈಸೆನ್ಸ್ ಪ್ರಾಧಿಕಾರಕ್ಕಿದೆ. ಅಷ್ಟು ದೂರ ಹೋಗಬೇಕಾಗಿ ಬರುವುದು ಕಡಿಮೆ. ಮಾಲಕರಿಗೆ ಒಂದು ಫೋನ್ ಹೋದರೆ ಬಹಳಷ್ಟು ಸರಿಯಾಗುತ್ತದೆ. ಸರಕಾರಿ ಬಸ್ಸಾದರೆ ಕೆಎಸ್‌ಆರ್‌ಟಿಸಿಯ ಮಂಗಳೂರು ವಿಭಾಗದ ನಿಯಂತ್ರಣಾಧಿಕಾರಿಗೆ ಬರೆಯಬೇಕು. ಆಟೋರಿಕ್ಷಾದವರು ಬಾಡಿಗೆಗೆ ಬರಲು ನಿರಾಕರಿಸುವುದು ಅದೇ ಕಾಯ್ದೆಯ 178ನೇ ಕಲಮಿನಡಿ ದಂಡಾರ್ಹ.

ಹೋಟೆಲಿನಲ್ಲಿ ಸರ್ವೀಸ್ ಚಾರ್ಜ್ ಬೇಡ ಎಂದದ್ದಕ್ಕೆ ಅವಮಾನ ಮಾಡಿದರು. ಕೊಡಲೇಬೇಕೇ?

ಕೊಡಲೇಬೇಕಾಗಿಲ್ಲ. ಸರ್ವೀಸ್ ಚಾರ್ಜನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಬೋಂಡಾ, ಬನ್ಸ್ ತಿಂದು ಕ್ಯಾಷಿನಲ್ಲಿ ಹಣ ಕೊಟ್ಟು ಹೋಗುವ ನಮ್ಮ ಸಾಮಾನ್ಯ ಹೋಟೆಲುಗಳಲ್ಲಿ ಈ ರಗಳೆಯೇ ಇಲ್ಲ. ಇದು ದೊಡ್ಡ ರೆಸ್ಟೋರೆಂಟುಗಳ ಸಮಸ್ಯೆ.

ನೀರಿನ ಬಾಟಲಿಯ ಬಗ್ಗೆ ಗ್ರಾಹಕರೇ ತಪ್ಪು ತಿಳಿದುಕೊಂಡು ಜಗಳಕ್ಕೆ ಹೋಗುವುದುಂಟು. ಅಂಗಡಿಯಲ್ಲಿ ಮುದ್ರಿತ ಗರಿಷ್ಠ ಬೆಲೆಗಿಂತ ಹೆಚ್ಚು ಪಡೆಯುವಂತಿಲ್ಲ, ಪಡೆದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರಬಹುದು. ಆದರೆ ಕುಳಿತು ಊಟ ಮಾಡುವ ಹೋಟೆಲುಗಳು ಸೇವೆಯನ್ನೂ ಒದಗಿಸುವುದರಿಂದ ಹೆಚ್ಚು ಬೆಲೆ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ.

ಆಸ್ಪತ್ರೆಯಲ್ಲಿ ರೋಗಿಯ ಮನೆಯವರೊಂದಿಗೆ ನಿರ್ದಯವಾಗಿ ನಡೆದುಕೊಂಡರೆ?

ವೈದ್ಯಕೀಯ ಕಾಲೇಜುಗಳಿಗೆ ಹೆಸರಾದ ಮಂಗಳೂರು, ಮಣಿಪಾಲಗಳಿಗೆ ಕಾಸರಗೋಡಿನಿಂದ ಹಿಡಿದು ಮಲೆನಾಡಿನವರೆಗಿನ ರೋಗಿಗಳು ಬರುತ್ತಾರೆ. ಬಿಲ್ಲಿಂಗ್ ಕೌಂಟರಿನ ಮುಂದೆ ನಿಂತವರು ಈಗಾಗಲೇ ಹೆದರಿರುತ್ತಾರೆ. ಅವರಿಗೆ "ಮೊದಲು ಹಣ ಕಟ್ಟಿ, ಆಮೇಲೆ ಮಾತನಾಡಿ" ಎಂದು ಹೇಳುವ ಧಾಟಿ ಬೇರೆಲ್ಲ ಕಡೆಯ ಒರಟುತನಕ್ಕಿಂತ ಹೆಚ್ಚು ಕ್ರೂರವಾದದ್ದು ಎಂದು ನಾನು ನಂಬುತ್ತೇನೆ.

ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ, ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ನಡುವಿನ ಪ್ರಕರಣದಲ್ಲಿ ತೀರ್ಪು ನೀಡಿದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವಿದ್ದು, ಖಾಸಗಿ ಆಸ್ಪತ್ರೆಗಳ ಮೇಲಿನ ದೂರನ್ನು ಅಲ್ಲಿಗೂ ಕೊಡಬಹುದು. ಚಿಕಿತ್ಸೆಯ ದಾಖಲೆಗಳನ್ನು ಲಿಖಿತವಾಗಿ ಕೇಳಿದರೆ 72 ಗಂಟೆಗಳೊಳಗೆ ಒದಗಿಸಬೇಕು ಎಂದು ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳು ಹೇಳುತ್ತವೆ. ದಾಖಲೆ ಕೇಳಿದ್ದಕ್ಕೆ ಸಿಟ್ಟಾದರೆ ಹೆದರಬೇಡಿ.

ದುಃಖ ಎಷ್ಟೇ ಇರಲಿ, ವೈದ್ಯರ ಅಥವಾ ದಾದಿಯರ ಮೇಲೆ ಕೈಯೆತ್ತಬೇಡಿ. ಅದನ್ನು ತಡೆಯಲೆಂದೇ ರಾಜ್ಯದಲ್ಲಿ 2009ರ ಪ್ರತ್ಯೇಕ ಕಾಯ್ದೆ ಇದೆ, ಮತ್ತು ಕೈಯೆತ್ತಿದ ಮೇಲೆ ನಿಮ್ಮ ನ್ಯಾಯವಾದ ದೂರನ್ನು ಕೇಳುವವರಿರುವುದಿಲ್ಲ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಅರ್ಧದಲ್ಲೇ ಕರೆ ಕಡಿದುಬಿಡುತ್ತಾರೆ.

ಮಾತು ಆರಂಭವಾದ ಕೂಡಲೇ ದೂರಿನ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ, ಸಮಸ್ಯೆಯ ವಿವರಣೆ ಆಮೇಲೆ. ದೂರವಾಣಿ ಕಂಪನಿಗಳು ಪ್ರತಿ ದೂರಿಗೂ ಡಾಕೆಟ್ ಸಂಖ್ಯೆ (ದೂರಿನ ಗುರುತು ಸಂಖ್ಯೆ) ಕೊಡಬೇಕೆಂಬುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ನಿಯಮ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಕರೆ ಕಡಿದರೆ ಅದೇ ದಿನ ಇಮೇಲ್ ಕಳುಹಿಸಿ, ಯಾವ ಗಂಟೆಗೆ ಕರೆ ಕಡಿಯಿತೆಂದು ಬರೆಯಿರಿ.

ಸರಕಾರಿ ಕಚೇರಿಯಲ್ಲಿ, ವಿದ್ಯುತ್ ಕಂಪನಿ ಮೆಸ್ಕಾಂನಲ್ಲಿ ಹೀಗಾದರೆ?

ವಿದ್ಯುತ್ತಿಗೆ ಹಣ ಕಟ್ಟುವವರು ಗ್ರಾಹಕರೇ. ಮೆಸ್ಕಾಂನ 1912 ಸಂಖ್ಯೆಗೆ ದೂರು ದಾಖಲಿಸಿ, ಫಲ ಕಾಣದಿದ್ದರೆ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆಗೆ ಹೋಗಬಹುದು. ಜಾತಿ ಪ್ರಮಾಣಪತ್ರ, ಪಹಣಿ ಮುಂತಾದವುಗಳಿಗೆ ಅಲೆದಾಡಿಸಿ ಗದರಿದರೆ ಸರಕಾರಿ ಸೇವೆಗಳಿಗೆ ಗಡುವು ನಿಗದಿಪಡಿಸುವ ಸಕಾಲ ಕಾಯ್ದೆಯ ಅವಧಿಯನ್ನು ಹಿಡಿದು ಕೇಳಿ, ಅರ್ಜಿ ಕೊಟ್ಟಾಗ ಸಿಗುವ ಸಕಾಲ ಸಂಖ್ಯೆಯನ್ನು ಜೋಪಾನವಾಗಿಡಿ. ನಡತೆಯ ಬಗೆಗಿನ ದೂರನ್ನು ರಾಜ್ಯದ ಸಹಾಯವಾಣಿ 1902ರಲ್ಲಿ ದಾಖಲಿಸಬಹುದು.

ದೂರಿನ ಪತ್ರವನ್ನು ಹೇಗೆ ಬರೆಯಬೇಕು?

ಒಂದು ಪುಟ ಸಾಕು. ಬಹಳ ಜನ ಎರಡು ಪುಟ ಸಿಟ್ಟನ್ನೇ ಬರೆದು ಕೊನೆಯ ಸಾಲಿನಲ್ಲಿ "ಸೂಕ್ತ ಕ್ರಮ ಕೈಗೊಳ್ಳಿ" ಎಂದು ಮುಗಿಸುತ್ತಾರೆ. ಓದಿದವರಿಗೆ ಇವರಿಗೆ ಏನು ಬೇಕಾಗಿದೆ ಎಂಬುದೇ ತಿಳಿಯುವುದಿಲ್ಲ. ಹೀಗೆ ಬರೆದು ನೋಡಿ:

"ಮಾನ್ಯರೇ, ನಿಮ್ಮ ಅಂಗಡಿಯಿಂದ ದಿನಾಂಕ ... ರಂದು ಬಿಲ್ ಸಂಖ್ಯೆ ... ರ ಮೂಲಕ ರೂ. ... ಕೊಟ್ಟು ಖರೀದಿಸಿದ ಮಿಕ್ಸಿಯು ವಾರಂಟಿ ಅವಧಿಯೊಳಗೆ ಕೆಟ್ಟಿರುತ್ತದೆ. ದಿನಾಂಕ ... ರಂದು ಬೆಳಗ್ಗೆ 11 ಗಂಟೆಗೆ ರಿಪೇರಿಗೆ ತಂದಾಗ ನಿಮ್ಮ ಸಿಬ್ಬಂದಿ ಅದನ್ನು ಸ್ವೀಕರಿಸಲು ಮತ್ತು ಸ್ವೀಕರಿಸದಿರುವ ಕಾರಣವನ್ನು ಬರೆದು ಕೊಡಲು ನಿರಾಕರಿಸಿದರು. ಕಾರಣ ಕೇಳಿದಾಗ 'ಬೇಕಾದರೆ ಕೋರ್ಟಿಗೆ ಹೋಗಿ' ಎಂದು ಇತರ ಗ್ರಾಹಕರ ಎದುರಿನಲ್ಲಿ ಹೇಳಿದರು. ಈ ಪತ್ರ ತಲುಪಿದ 15 ದಿನಗಳೊಳಗೆ ಮಿಕ್ಸಿಯನ್ನು ಉಚಿತವಾಗಿ ರಿಪೇರಿ ಮಾಡಿಕೊಡಬೇಕು ಅಥವಾ ಬದಲಿಸಿ ಕೊಡಬೇಕು ಮತ್ತು ನಿಮ್ಮ ಸಿಬ್ಬಂದಿಯ ನಡವಳಿಕೆಯ ಬಗ್ಗೆ ಲಿಖಿತ ವಿವರಣೆ ನೀಡಬೇಕು ಎಂದು ಕೋರುತ್ತೇನೆ. ತಪ್ಪಿದಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ."

ಅವರು ಆಡಿದ ಮಾತನ್ನು ಇದ್ದ ಹಾಗೆಯೇ ಬರೆಯಿರಿ. ತುಳುವಿನಲ್ಲಿ ಬೈದಿದ್ದರೆ ತುಳುವಿನ ಮಾತನ್ನೇ ಕನ್ನಡ ಲಿಪಿಯಲ್ಲಿ ಬರೆದು ಅರ್ಥವನ್ನು ಜೊತೆಗೆ ಕೊಡಿ. "ಅಶ್ಲೀಲವಾಗಿ ನಿಂದಿಸಿದರು" ಎಂಬ ಸಾಮಾನ್ಯ ಮಾತಿಗಿಂತ ನಿಜವಾಗಿ ಆಡಿದ ನಾಲ್ಕು ಪದಗಳಿಗೆ ಹೆಚ್ಚು ತೂಕವಿದೆ. ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನೂ ತಲುಪಿದ ವಿವರವನ್ನೂ ತೆಗೆದಿಟ್ಟುಕೊಳ್ಳಿ.

ಪತ್ರಕ್ಕೆ ಉತ್ತರ ಬರದಿದ್ದರೆ ಮುಂದೇನು? ವಕೀಲರು ಬೇಕೇ? ಖರ್ಚೆಷ್ಟು?

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದು ತೀರ್ಪು ನೀಡುವ ಸಂಸ್ಥೆಯಲ್ಲ, ದೂರನ್ನು ಕಂಪನಿಗೆ ತಲುಪಿಸಿ ಉತ್ತರ ತರಿಸುತ್ತದೆ. ದೊಡ್ಡ ಕಂಪನಿಗಳ ವಿಷಯದಲ್ಲಿ ಇದರಿಂದಲೇ ಕೆಲಸ ಮುಗಿಯುವುದುಂಟು. ಊರಿನ ಸಣ್ಣ ಅಂಗಡಿಗಳ ಮೇಲೆ ಅದರ ಪ್ರಭಾವ ಕಡಿಮೆ.

ನಂತರದ್ದು ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಸರಕು ಅಥವಾ ಸೇವೆಗೆ ನೀವು ಕೊಟ್ಟ ಮೊತ್ತ 50 ಲಕ್ಷ ರೂಪಾಯಿ ಮೀರದಿದ್ದರೆ ದೂರು ಅಲ್ಲಿಗೇ ಹೋಗಬೇಕು. 5 ಲಕ್ಷದವರೆಗೆ ಶುಲ್ಕವಿಲ್ಲ. ವ್ಯಾಜ್ಯ ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. ನೀವು ವಾಸಿಸುವ ಅಥವಾ ಕೆಲಸ ಮಾಡುವ ಊರಿನ ಜಿಲ್ಲೆಯಲ್ಲಿಯೇ ದೂರು ಹೂಡಬಹುದೆಂಬುದು 2019ರ ಕಾಯ್ದೆ ತಂದ ದೊಡ್ಡ ಅನುಕೂಲ. ಬೆಂಗಳೂರಿನ ಕಂಪನಿಯಿಂದ ಆನ್‌ಲೈನಿನಲ್ಲಿ ಕೊಂಡ ಬೈಂದೂರಿನವರು ಉಡುಪಿಯ ಆಯೋಗಕ್ಕೆ ಬಂದರೆ ಸಾಕು. ಇ-ಜಾಗೃತಿ ಪೋರ್ಟಲಿನ ಮೂಲಕ ಮನೆಯಿಂದಲೂ ಸಲ್ಲಿಸಬಹುದು.

ವಕೀಲರು ಕಡ್ಡಾಯವಲ್ಲ, ನೀವೇ ವಾದಿಸಬಹುದು. ನೋಟಿಸು ತಲುಪಿದ ಎದುರುದಾರರು 30 ದಿನಗಳಲ್ಲಿ, ಆಯೋಗ ಅನುಮತಿಸಿದರೆ ಮತ್ತೆ 15 ದಿನಗಳಲ್ಲಿ ಉತ್ತರ ಸಲ್ಲಿಸಬೇಕು. ಆ 45 ದಿನಗಳ ಮೇಲೆ ಒಂದು ದಿನವೂ ವಿಸ್ತರಿಸಲಾಗದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಸರಕಿನ ಪರೀಕ್ಷೆ ಬೇಕಿಲ್ಲದ ದೂರನ್ನು 3 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ ಎಂಬ ಸಿದ್ಧತೆಯಿಂದಲೇ ಹೋಗಿ. ಕರಾವಳಿಯಲ್ಲಿ ಗ್ರಾಹಕ ಜಾಗೃತಿಯ ಪರಂಪರೆ ಗಟ್ಟಿಯಾಗಿದೆ. ಉಡುಪಿಯಲ್ಲಿ ಡಾ. ರವೀಂದ್ರನಾಥ ಶಾನುಭಾಗರು ಬಳಕೆದಾರರ ವೇದಿಕೆಯ ಮೂಲಕ ಸಾಮಾನ್ಯರಿಗೆ ತಮ್ಮ ದೂರನ್ನು ತಾವೇ ಬರೆಯುವ ಧೈರ್ಯ ಕೊಟ್ಟರು. ಆ ಧೈರ್ಯವನ್ನು ಬಳಸಿಕೊಳ್ಳದಿರುವುದು ನಷ್ಟ.

ನಾನು ದುಡಿಮೆಗಾಗಿ ಯಂತ್ರ ಕೊಂಡಿದ್ದೇನೆ. ನನ್ನನ್ನು ಗ್ರಾಹಕ ಎಂದು ಪರಿಗಣಿಸುತ್ತಾರೆಯೇ?

ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದರೆ ಸ್ವಂತ ದುಡಿಮೆಯಿಂದ ಜೀವನ ನಡೆಸಲೆಂದೇ ಕೊಂಡಿದ್ದರೆ ಬರುತ್ತಾರೆ. ತನ್ನ ನಾಡದೋಣಿಗೆ ಇಂಜಿನ್ ಕೊಂಡ ಮಲ್ಪೆಯ ಮೀನುಗಾರ ಮತ್ತು ಮನೆಯಲ್ಲೇ ಹೊಲಿಯಲು ಯಂತ್ರ ಕೊಂಡ ಕಾರ್ಕಳದ ಮಹಿಳೆ ಇಬ್ಬರೂ ಗ್ರಾಹಕರೇ. ದೂರಿನಲ್ಲಿ ಈ ಮಾತನ್ನು ಸ್ಪಷ್ಟವಾಗಿ ಬರೆಯಬೇಕು.

ವಿಡಿಯೊ ಮಾಡಿ ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಿದರೆ ಬೇಗ ನ್ಯಾಯ ಸಿಗುವುದಿಲ್ಲವೇ?

ಬೇಗ ಸಿಗುವುದು ಗದ್ದಲ. ನಿಮ್ಮೊಡನೆ ನಡೆದ ಮಾತುಕತೆಯನ್ನು ಸಾಕ್ಷ್ಯಕ್ಕಾಗಿ ದಾಖಲಿಸಿಕೊಳ್ಳುವುದು ಒಂದು ವಿಷಯ, ಊರಿಗೆಲ್ಲ ಹಂಚುವುದು ಇನ್ನೊಂದು. ಹತ್ತಿಪ್ಪತ್ತು ಸೆಕೆಂಡಿನ ತುಣುಕಿನಲ್ಲಿ ಸಿಕ್ಕಿಬೀಳುವುದು ಮಾಲಕರಲ್ಲ, ಕೌಂಟರಿನ ಹುಡುಗ ಅಥವಾ ಹುಡುಗಿ. ಅವರ ಹೆಸರು ನೋಡಿ ಧರ್ಮದ ಬಣ್ಣ ಹಚ್ಚುವ ಕೆಲಸ ನಮ್ಮ ಜಿಲ್ಲೆಗಳಲ್ಲಿ ಎಷ್ಟು ಬೇಗ ನಡೆಯುತ್ತದೆ ಎಂಬುದನ್ನು ಎಲ್ಲರೂ ಕಂಡಿದ್ದೇವೆ. ಒಂದು ಬಿಲ್ಲಿನ ಜಗಳ ಊರಿನ ಜಗಳವಾದರೆ ಅದನ್ನು ಹಿಂದಕ್ಕೆ ತರಲು ನಿಮ್ಮಿಂದ ಸಾಧ್ಯವಾಗುವುದಿಲ್ಲ. ಮಾನನಷ್ಟದ ಪ್ರಕರಣವನ್ನು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ನಿಮ್ಮ ಮೇಲೆಯೇ ಹೂಡಲೂಬಹುದು.

ದಾಖಲೆಯನ್ನು ಆಯೋಗದ ಮುಂದೆ ಬಳಸುವುದಾದರೆ ಮೂಲ ಕಡತವನ್ನು ಕತ್ತರಿಸದೆ ಅದೇ ಫೋನಿನಲ್ಲಿ ಇಟ್ಟುಕೊಳ್ಳಿ. ವಿದ್ಯುನ್ಮಾನ ಸಾಕ್ಷ್ಯದ ಜೊತೆಗೆ ಅದನ್ನು ದೃಢೀಕರಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನೂ ಸೇರಿಸಿ ಸಲ್ಲಿಸುವುದು ಕ್ಷೇಮ.

ಎಷ್ಟು ಪರಿಹಾರ ನಿರೀಕ್ಷಿಸಬಹುದು?

ಸರಕಿನ ಬೆಲೆ ಅಥವಾ ರಿಪೇರಿ, ಅದರೊಡನೆ ಮಾನಸಿಕ ಯಾತನೆ ಮತ್ತು ವ್ಯಾಜ್ಯದ ಖರ್ಚಿಗೆಂದು ಸಾಮಾನ್ಯವಾಗಿ ಸಾವಿರಗಳ ಲೆಕ್ಕದ ಮೊತ್ತ ಸಿಗುತ್ತದೆ. ಲಕ್ಷಗಳನ್ನು ಕೇಳಿದರೆ ದೂರಿನ ಗಾಂಭೀರ್ಯವೇ ಕಡಿಮೆಯಾಗುತ್ತದೆ. ಆಯೋಗದ ಆದೇಶವನ್ನು ಪಾಲಿಸದವರಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆಯ 72ನೇ ಕಲಮಿನಡಿ ಒಂದು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ, ಅಥವಾ 25,000 ರೂಪಾಯಿಗಿಂತ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ ವಿಧಿಸಬಹುದು.

ಅಂಗಡಿಯವರು ಪರಿಚಿತರು, ನಾಳೆಯೂ ಅಲ್ಲಿಗೇ ಹೋಗಬೇಕು. ದೂರು ಕೊಟ್ಟು ಮುಖ ಕೆಡಿಸಿಕೊಳ್ಳುವುದು ಹೇಗೆ?

ಪುತ್ತೂರಿನಲ್ಲೋ ಕುಂದಾಪುರದಲ್ಲೋ ಇದು ಬಹಳ ದೊಡ್ಡ ಪ್ರಶ್ನೆ. ಅಂಗಡಿಯ ಯಜಮಾನರು ನಿಮ್ಮ ಮಾವನ ಸಹಪಾಠಿಯಾಗಿರಬಹುದು, ದೇವಸ್ಥಾನದ ಸಮಿತಿಯಲ್ಲಿ ನಿಮ್ಮ ಪಕ್ಕದಲ್ಲೇ ಕುಳಿತುಕೊಳ್ಳುವವರಾಗಿರಬಹುದು. ಅಂಗಡಿ ತುಂಬಿರುವಾಗ ಮಾತೆತ್ತಬೇಡಿ. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಗಿರಾಕಿಗಳು ಕಡಿಮೆಯಿರುವಾಗ ಹೋಗಿ, "ಅಣ್ಣಾ, ಮೊನ್ನೆ ನಿಮ್ಮ ಹುಡುಗ ಎಲ್ಲರ ಎದುರು ಹೀಗೆ ಹೇಳಿದ್ದು ನನಗೆ ಬೇಸರವಾಗಿದೆ. ಸಾಮಾನು ಬದಲಿಸಿ ಕೊಡಿ, ಅವನಿಗೂ ಒಂದು ಮಾತು ಹೇಳಿ" ಎಂದು ನೇರವಾಗಿ ಹೇಳಿ. ಸುತ್ತುಬಳಸಿ ಹೇಳಿದರೆ ಚಹಾ ಕುಡಿಸಿ ಕಳುಹಿಸುತ್ತಾರೆ, ಸಾಮಾನು ಹಾಗೆಯೇ ಉಳಿಯುತ್ತದೆ. ವಾರ ಕಳೆದರೂ ಏನೂ ಆಗದಿದ್ದರೆ ಮೇಲಿನ ಪತ್ರವನ್ನು ನೀವೇ ಕೈಯಾರೆ ಕೊಡಿ. ಪರಿಚಯವಿದೆ ಎಂಬ ಕಾರಣಕ್ಕೆ ನಷ್ಟ ಸಹಿಸಿಕೊಳ್ಳಬೇಕೆಂದು ನಿರೀಕ್ಷಿಸುವವರು ಆ ಪರಿಚಯವನ್ನು ತಾವೇ ಕೆಡಿಸುತ್ತಿದ್ದಾರೆ.

ಅವರು ಕ್ಷಮೆ ಕೇಳಿದರೆ ದೂರನ್ನು ಹಿಂದಕ್ಕೆ ಪಡೆಯಬೇಕೇ?

ಒರಟು ಮಾತಿಗೆ ಕ್ಷಮೆ ಸಾಕು ಎನಿಸಿದರೆ ಮನಃಪೂರ್ವಕವಾಗಿ ಒಪ್ಪಿಕೊಳ್ಳಿ. ಆದರೆ ಬಾಕಿ ಹಣ, ರಿಪೇರಿ ಅಥವಾ ಬದಲಿ ಸರಕಿನ ವಿಷಯವನ್ನು ಅದರೊಂದಿಗೆ ಬೆರೆಸಬೇಡಿ. ಏನು ಕೊಡುತ್ತಾರೆ, ಯಾವ ದಿನಾಂಕದೊಳಗೆ ಕೊಡುತ್ತಾರೆ ಎಂಬುದನ್ನು ಸಂಸ್ಥೆಯ ಕಾಗದದಲ್ಲಿ ಬರೆಸಿ ಸಹಿ ಪಡೆಯಿರಿ. ದೂರು ಆಯೋಗದ ಮುಂದಿದ್ದರೆ ಇಬ್ಬರೂ ಒಪ್ಪಿದ ಮೇಲೆ ಅದನ್ನು ಮಧ್ಯಸ್ಥಿಕೆಗೆ ಕಳುಹಿಸಲು ಅವಕಾಶವಿದೆ, ಅಲ್ಲಿ ಆದ ಒಪ್ಪಂದವನ್ನು ಆಯೋಗವೇ ಆದೇಶದಲ್ಲಿ ದಾಖಲಿಸುತ್ತದೆ. ಹೊರಗೆ ರಾಜಿಯಾದರೆ ಹಣ ಖಾತೆಗೆ ಜಮೆಯಾದ ನಂತರವೇ ದೂರು ಹಿಂಪಡೆಯುವ ಮೆಮೊಗೆ ಸಹಿ ಹಾಕಿ.